ಹುಣಿಸೆ ಬೀಜ, ಮಗುವಿನ ಕೈ

ರಟ್ಟಿನ ತುಂಡಿನ ಮೇಲೆ ಐದಕ್ಕೈದು ಮನೆ ಗೀಚಿ, ನಾಲ್ಕು ಹುಣಿಸೆ ಬೀಜಗಳನ್ನು ಒಂದು ಮಗ್ಗುಲು ಬಿಳಿಯಾಗುವವರೆಗೆ ಕಲ್ಲಿಗೆ ತೇಯ್ದರೆ ಚೌಕಾಬಾರ ಸಿದ್ಧ. ಮಾಗಡಿ, ಕನಕಪುರದ ಯಾವ ಶಾಲೆಯಲ್ಲೂ ಇದಕ್ಕೆ ಕಾಸು ಬೇಕಿಲ್ಲ. ಆಟದ ಜೊತೆಗೇ ಗಣಿತ ಶುರುವಾಗುತ್ತದೆ. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಎರಡು ಬೀಳುವುದು 6 ಬಗೆಯಲ್ಲಿ. ಒಂದು ಮತ್ತು ಮೂರು ತಲಾ 4. ಚೌಕ (ನಾಲ್ಕೂ ಬಿಳಿ), ಬಾರ (ನಾಲ್ಕೂ ಕಪ್ಪು) ತಲಾ ಒಂದೇ. ಎರಡೂ ಮಗ್ಗುಲು ಸಮನಾಗಿ ಬಿದ್ದರೆ ಮಾತ್ರ ಈ ಲೆಕ್ಕ ನಿಜ. ಕೈಯಲ್ಲಿ ತೇಯ್ದ ಬೀಜ ಹಾಗೆ ಬೀಳಬೇಕೆಂದೇನಿಲ್ಲ. ನೂರು ಸಲ ಎಸೆದು ಬರೆದಿಟ್ಟ ಮಗು ತನ್ನ ಬೀಜ ಎತ್ತ ವಾಲುತ್ತದೆಂದು ತಾನೇ ಕಂಡುಕೊಳ್ಳುತ್ತದೆ; ಮೇಷ್ಟ್ರು ಹೇಳಿದ್ದನ್ನೂ ಎಣಿಸಿ ನೋಡಬಹುದು ಎಂಬ ಧೈರ್ಯ ಅದಕ್ಕೆ ಬರುತ್ತದೆ.

1972ರಲ್ಲಿ ಮಧ್ಯಪ್ರದೇಶದಲ್ಲಿ ಆರಂಭವಾದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದಿಂದ ಪ್ರೇರಣೆ ಪಡೆದ ಆಟಿಕೆ ತಯಾರಕ ಅರವಿಂದ ಗುಪ್ತ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬುಗಳಲ್ಲೇ ವಿಜ್ಞಾನ ಕಲಿಸಿದರು. ದಾರಿ ಹೊಸದಲ್ಲ.

ಆದರೆ ಈ ರಾಮನಗರ ಸೀಮೆಯಲ್ಲಿ ಮಗುವಿನ ಕೈಗೆ ಕೆಲಸ ಕೊಡುವ ಮಾತು ಬಂದಾಗ ನಾವು ಒಂದು ಕ್ಷಣ ನಿಲ್ಲಬೇಕು. ರಾಮನಗರ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯ ಊರು. ಮುಂಗಡ ಸಾಲಕ್ಕೆ ಒತ್ತೆಯಾಗಿ ಎಳೆಯ ಮಕ್ಕಳು ಬಿಸಿನೀರಿನ ಗೂಡಿಗೆ ಕೈಯಿಟ್ಟದ್ದನ್ನು, ಹುರಿಯಂತ್ರದ ಮುಂದೆ ದಿನವಿಡೀ ನಿಂತದ್ದನ್ನು ಕರ್ನಾಟಕದ ರೇಷ್ಮೆ ಉದ್ಯಮದ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ದಾಖಲಿಸಿತು. ಅಲ್ಲೂ ಕೈ ಚುರುಕಾಗಿತ್ತು, ಕುಶಲತೆ ಬೆಳೆದಿತ್ತು. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು? ಶಾಲೆಯ ಮಗು ತಾನು ಮಾಡಿದ್ದನ್ನು ಕೆಡಿಸಬಹುದು, ಬೇಸರವಾದರೆ ನಿಲ್ಲಿಸಬಹುದು, ಕೊನೆಗೆ ಅದು ತನ್ನದೇ ಎನ್ನಬಹುದು. ಈ ಮೂರರಲ್ಲಿ ಒಂದು ತಪ್ಪಿದರೂ ಅದನ್ನು ಕಲಿಕೆ ಎಂದು ಕರೆಯಲು ನನಗೆ ಮನಸ್ಸಾಗದು. 1937ರ ವಾರ್ಧಾ ಶಿಕ್ಷಣ ಯೋಜನೆಯಲ್ಲಿ ಗಾಂಧೀಜಿ ಮಕ್ಕಳ ಕೈಕಸುಬಿನಿಂದಲೇ ಶಾಲೆಯ ಖರ್ಚು ಹುಟ್ಟಲಿ ಎಂದಾಗ ವಿಮರ್ಶಕರು ಅಂಜಿದ್ದೂ ಕಲಿಕೆ ದುಡಿಮೆಯಾದೀತೆಂದೇ.

ಮರದ ಗೊಂಬೆಗಳ ಊರಾದ ಚನ್ನಪಟ್ಟಣದ ಮಕ್ಕಳು ಮನೆಯ ಕಸುಬನ್ನು ಕಲಿತರೇನು ತಪ್ಪು ಎಂದು ಕೇಳುವವರಿದ್ದಾರೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಅಪಾಯವಿಲ್ಲದ ಮನೆಯ ಕಸುಬಿಗೆ ನೆರವಾಗಲು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನೂ ಒಪ್ಪಿದೆ. ಆ ಸಡಿಲಿಕೆಯನ್ನು ನಾನು ಒಪ್ಪಲಾರೆ. ಮನೆಯೊಳಗಿನ ದುಡಿಮೆಯನ್ನು ಎಣಿಸುವವರು ಯಾರು? ಆಲೆ ಮರ, ಅರಗಿನ ಬಣ್ಣ ಬಲ್ಲ ಕುಶಲಕರ್ಮಿಯನ್ನು ಸಂಭಾವನೆ ಕೊಟ್ಟು ತರಗತಿಗೆ ಕರೆಯೋಣ. ತಿರುಗುವ ಮರಕ್ಕೆ ಅರಗು ಒತ್ತಿದಾಗ ಅದೇಕೆ ಕರಗುತ್ತದೆಂದು ಎಲ್ಲ ಜಾತಿಯ, ಎಲ್ಲ ಮನೆಯ ಮಕ್ಕಳೂ ಅವರನ್ನು ಕೇಳಲಿ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿಯದು: ಉಳ್ಳವರ ಮಕ್ಕಳಿಗೆ ಪ್ರಯೋಗಾಲಯ, ಬಡವರ ಮಕ್ಕಳಿಗೆ ರದ್ದಿಯೇ? ಈ ಮಾತು ನ್ಯಾಯವಾದದ್ದು. ರಟ್ಟಿನ ಆಟಿಕೆ ಸೂಕ್ಷ್ಮದರ್ಶಕದ ಬದಲಿಯಾಗದು. ಅನುದಾನ ಕಡಿತಕ್ಕೆ ಅದನ್ನು ನೆಪವಾಗಿಸುವುದು ಮಕ್ಕಳಿಗೆ ಮಾಡುವ ಮೋಸ. ‘ಪ್ರಾಜೆಕ್ಟ್’ ಹೆಸರಿನಲ್ಲಿ ಥರ್ಮೋಕೋಲ್ ಕೊಂಡು ತರಿಸಿ, ಅಪ್ಪ ಅಮ್ಮ ಮಾಡಿಕೊಟ್ಟ ನುಣುಪಿಗೆ ಅಂಕ ಕೊಡುವುದೂ ಅಷ್ಟೇ ಅನ್ಯಾಯ. ಅಂಕ ಕೊಡಲೇಬೇಕಿದ್ದರೆ ಆ ನೂರು ಎಸೆತ ಬರೆದ ಹಾಳೆಗೆ ಕೊಡಿ. ಆಟಿಕೆ ಪ್ರದರ್ಶನದ ಕಪಾಟಿಗೆ ಬೇಡ, ಮಗುವಿನ ಚೀಲದಲ್ಲಿ ಮನೆಗೆ ಹೋಗಲಿ.