ಒಂದು ಸ್ಕ್ರೂ ಡ್ರೈವರಿನ ಹಂಗು

ಕಾಪುವಿನಲ್ಲಿರುವ ನಮ್ಮ ಮನೆಯ ಹಿಂಬಾಗಿಲು ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬದಿಗೆ ಜೋತುಬಿತ್ತು. ಮೇಲಿನ ಬಿಜಾಗರಿಯ ಮೂರು ಸ್ಕ್ರೂಗಳಲ್ಲಿ ಎರಡು ತುಕ್ಕು ತಿಂದು ಸಡಿಲವಾಗಿದ್ದವು. ಕಡಲು ಕೂಗಳತೆಯಲ್ಲಿರುವ ಮನೆಗಳಲ್ಲಿ ಇದು ಮಾಮೂಲು. ಉಪ್ಪುಗಾಳಿ ಮೊದಲು ಕಿಟಕಿಯ ಸರಳಿಗೆ ಕೈ ಹಾಕುತ್ತದೆ, ಆಮೇಲೆ ಚಿಲಕಕ್ಕೆ, ಕೊನೆಗೆ ಕಣ್ಣಿಗೆ ಕಾಣದ ಸ್ಕ್ರೂವಿಗೆ. ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: “ಬಾಗಿಲು ನೆಲಕ್ಕೆ ಉಜ್ಜುತ್ತದೆ. ಆಚಾರ್ರಿಗೆ ಹೇಳಿದ್ದೇನೆ. ನಾಳೆ ಬರ್ತೇನೆ ಅಂದಿದ್ದಾರೆ.”

ಈ ‘ನಾಳೆ’ಗೆ ಪಂಚಾಂಗದಲ್ಲಿ ತಿಥಿ ಇಲ್ಲ. ನಮ್ಮ ಆಚಾರ್ರು ಕಾರ್ಕಳದವರು. ಕಾಪುವಿಗೆ ಬರಬೇಕಾದರೆ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಊರಿನಲ್ಲಿ ಬೇರೆ ಬಡಗಿಗಳಿಲ್ಲವೇ ಎಂದರೆ ಇದ್ದಾರೆ. ಆದರೆ ನಮ್ಮ ಮನೆಯ ಮಾಡಿನ ಪಕ್ಕಾಸು, ರೀಪು ಎಲ್ಲ ಇವರ ತಂದೆಯ ಕೈಯಲ್ಲಿ ಆದದ್ದು. ಅಮ್ಮನಿಗೆ ಇನ್ನೊಬ್ಬರನ್ನು ಕರೆಯಲು ಮನಸ್ಸಿಲ್ಲ. 19 ದಿನ ಅವರು ರಾತ್ರಿ ಹೊತ್ತು ಬಾಗಿಲನ್ನು ಹುರಿಹಗ್ಗದಲ್ಲಿ ಕಟ್ಟಿ ಮಲಗಿದರು. ಮಣಿಪಾಲದ ಬಾಡಿಗೆ ಮನೆಯಲ್ಲಿ ಕುಳಿತ ನನಗೆ ಅದು ಅವಮಾನದಂತೆ ಕಂಡಿತು. ಮೂರು ಸ್ಕ್ರೂ ಬಿಗಿಯಲು ಒಬ್ಬರ ದಾರಿ ಕಾಯಬೇಕೇ? ಬ್ಯಾಟರಿ ಸ್ಕ್ರೂ ಡ್ರೈವರ್ ಒಂದು ತಂದಿಟ್ಟುಕೊಂಡರೆ ಮುಗಿಯಿತು, ಇನ್ನು ಯಾರ ಹಂಗೂ ಬೇಡ ಎಂದುಕೊಂಡೆ. ಹಂಗು ಎಂಬ ಮಾತನ್ನು ಆಗ ಯೋಚಿಸದೆ ಆಡಿದ್ದೆ. ಈ ಬರಹ ಆ ಒಂದು ಮಾತಿನ ಸುತ್ತವೇ ತಿರುಗುತ್ತದೆ.

ಕೊಳ್ಳಲು ಹೊರಟ ಮೇಲೆ ತಿಳಿಯಿತು, ಇದರಲ್ಲಿ ಮೂರು ಜಾತಿ. ಅಂಗೈಯಲ್ಲಿ ಹಿಡಿಸುವ 3.6 ವೋಲ್ಟಿನದ್ದು ಒಂದು. ಅದರ ಹೊಟ್ಟೆಯಲ್ಲಿ ಒಂದೇ ಲಿಥಿಯಂ ಸೆಲ್, ತಿರುಚುವ ಬಲ ನಾಲ್ಕೈದು ನ್ಯೂಟನ್ ಮೀಟರ್. ಸಾಧಾರಣ ಸ್ಕ್ರೂ ಡ್ರೈವರ್ ಹಿಡಿದ ಮನುಷ್ಯನ ಕೈಯ ಬಲವೂ ಹೆಚ್ಚುಕಡಿಮೆ ಅಷ್ಟೇ. ಎರಡನೆಯದು 12 ವೋಲ್ಟಿನ ಡ್ರಿಲ್ ಡ್ರೈವರ್, ಮೂರು ಸೆಲ್, ಬಲ 30ರ ಆಸುಪಾಸು. ಮೂರನೆಯದು 18 ವೋಲ್ಟಿನ ಇಂಪ್ಯಾಕ್ಟ್ ಡ್ರೈವರ್. ಅದು ತಿರುಗಿಸುವುದರ ಜೊತೆಗೆ ಒಳಗಿನಿಂದ ಬಡಿಯುತ್ತಲೂ ಇರುತ್ತದೆ. ಬಲ 150 ದಾಟುವುದು ಸಾಮಾನ್ಯ. (ಲಿಥಿಯಂ ಸೆಲ್ ಒಂದರದ್ದು 3.6 ವೋಲ್ಟ್ ಆದರೆ ಮೂರರದ್ದು 10.8 ತಾನೇ? ಪೂರ್ತಿ ಚಾರ್ಜ್ ಆದ ಗಳಿಗೆಯ ಅಂಕಿಯನ್ನು ಹಿಡಿದು ಪೆಟ್ಟಿಗೆಯ ಮೇಲೆ 12 ಎಂದು ಬರೆಯುತ್ತಾರೆ. ಹಾಗೆಯೇ ಕೆಲವರ 18 ವೋಲ್ಟ್ 20 ಆಗುತ್ತದೆ. ಮದುವೆ ಜಾತಕದ ಜೊತೆ ಹುಡುಗನ ಸಂಬಳ ಬರೆದು ಕಳಿಸಿದ ಹಾಗೆ.)

ನನಗೆ ಬೇಕಾದದ್ದು ಯಾವುದು? ಬಿಜಾಗರಿ, ಚಿಲಕ, ಸ್ವಿಚ್ ಬೋರ್ಡಿನ ಮುಚ್ಚಳ, ಮಿಕ್ಸಿಯ ತಳ, ವರ್ಷಕ್ಕೊಮ್ಮೆ ಪುಸ್ತಕದ ಕಪಾಟು. ಗೋಡೆಗೆ ತೂತು ಹಾಕುವ ಮಾತೇ ಬೇರೆ. ನಮ್ಮ ಕಡೆಯ ಮುರಕಲ್ಲಿನ ಗೋಡೆಗೆ ಬಡಿದು ಕೊರೆಯುವ ಹ್ಯಾಮರ್ ಡ್ರಿಲ್ ಬೇಕು. ಮಣಿಪಾಲದಲ್ಲಂತೂ ಮನೆ ಬಾಡಿಗೆಗೆ ಕೊಡುವವರು ಹೇಳುವ ಮೊದಲ ಮಾತೇ ಗೋಡೆಗೆ ಮೊಳೆ ಹೊಡೆಯಬಾರದು ಎಂದು. ಅಂದರೆ ನನ್ನ ಕೆಲಸಕ್ಕೆ ಮೊದಲನೆಯ ಜಾತಿ ಸಾಕು, ಎರಡನೆಯದು ಧಾರಾಳ. ಆದರೂ ಸಂಜೆಯಿಡೀ ನಾನು ನೋಡುತ್ತಿದ್ದದ್ದು 18 ವೋಲ್ಟಿನದ್ದನ್ನೇ. ಕೆಲಸದ ಅಳತೆಗೆ ಯಂತ್ರ ಹುಡುಕುತ್ತಿರಲಿಲ್ಲ, 19 ದಿನ ಕಾದ ಸಿಟ್ಟಿನ ಅಳತೆಗೆ ಹುಡುಕುತ್ತಿದ್ದೆ.

ಅಷ್ಟರಲ್ಲಿ ಸಹೋದ್ಯೋಗಿಯೊಬ್ಬರು ತಮ್ಮ ಇಂಪ್ಯಾಕ್ಟ್ ಡ್ರೈವರನ್ನು ಒಂದು ಭಾನುವಾರದ ಮಟ್ಟಿಗೆ ಕೊಟ್ಟರು. ಕಾಪುವಿಗೆ ಹೋದೆ. ಹೊಸ ಸ್ಟೀಲ್ ಸ್ಕ್ರೂ ಇಟ್ಟು ಗುಂಡಿ ಒತ್ತಿದೆ. ಟಕಟಕಟಕ ಎಂದಿತು, ಸ್ಕ್ರೂ ಒಳಗೆ ಹೋಯಿತು, ಹೋಗಿ ನಿಲ್ಲದೆ ಅಲ್ಲೇ ಸುತ್ತತೊಡಗಿತು. ಹಲಸಿನ ಹಳೇ ಬಾಗಿಲು. ತೂತಿನ ಒಳಮೈ ಪುಡಿಪುಡಿಯಾಗಿ ಸ್ಕ್ರೂವಿಗೆ ಹಿಡಿಯಲು ಏನೂ ಉಳಿಯಲಿಲ್ಲ. ಡ್ರಿಲ್ ಡ್ರೈವರಿನ ಕುತ್ತಿಗೆಯಲ್ಲಿ ಅಂಕಿ ಬರೆದ ಒಂದು ಬಳೆ ಇರುತ್ತದೆ, ಕ್ಲಚ್ಚು. ಇಷ್ಟು ಬಿಗಿಯಾದ ಮೇಲೆ ಕಟಕಟ ಎಂದು ಜಾರಿ ಅದು ಬಲವನ್ನು ಕೈಬಿಡುತ್ತದೆ. ಇಂಪ್ಯಾಕ್ಟಿನಲ್ಲಿ ಸಾಧಾರಣವಾಗಿ ಆ ಬಳೆ ಇರುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂಬುದು ಹಿಡಿದವನ ಬೆರಳಿಗೆ ಗೊತ್ತಿರಬೇಕು. ನನ್ನ ಬೆರಳಿಗೆ ಗೊತ್ತಿರಲಿಲ್ಲ. ಎರಡೇ ಸ್ಕ್ರೂ ಸಡಿಲವಾಗಿದ್ದ ಬಾಗಿಲಿನಲ್ಲಿ ಈಗ ಮೂರೂ ಹೋಗಿದ್ದವು. ಅಮ್ಮ ಏನೂ ಹೇಳದೆ ಹುರಿಹಗ್ಗ ತಂದರು.

ಆಚಾರ್ರು ಮಂಗಳವಾರ ಬಂದರು. ನಾನು ರಜೆ ಹಾಕಿ ಹೋಗಿದ್ದೆ, ತಪ್ಪೊಪ್ಪಿಕೊಳ್ಳಬೇಕಿತ್ತಲ್ಲ. ಅವರು ತೂತಿನೊಳಗೆ ಕಡ್ಡಿ ಹಾಕಿ ನೋಡಿದರು, ಬಿದಿರನ್ನು ಸಣ್ಣಗೆ ಸೀಳಿ ಅಂಟು ಹಚ್ಚಿ ತೂತಿಗೆ ಬಡಿದರು, ಹೊರಗೆ ಉಳಿದದ್ದನ್ನು ಉಳಿಯಿಂದ ಸವರಿದರು, ಒಂದು ಗಂಟೆ ಬಿಟ್ಟು ಸ್ಕ್ರೂ ಇಟ್ಟು ಕೈಯಿಂದಲೇ ತಿರುಗಿಸಿದರು. ಕೊನೆಯ ಕಾಲು ಸುತ್ತಿನಲ್ಲಿ ಅವರ ಮುಂಗೈ ತುಸು ನಿಂತು ಯೋಚಿಸಿದ ಹಾಗೆ ಕಂಡಿತು. ನಾನು ಮನಸ್ಸಿನಲ್ಲೇ ಪ್ರಬಂಧ ಬರೆಯಲು ಶುರು ಮಾಡಿದೆ: ಕೈಗೆ ಇರುವ ಅರಿವು ಯಂತ್ರಕ್ಕೆಲ್ಲಿದೆ, ಕಾರ್ಕಳದ ಗೊಮ್ಮಟನನ್ನು ಕಡೆದವರ ಬಳಿ ಯಾವ ಬ್ಯಾಟರಿ ಇತ್ತು, ಇತ್ಯಾದಿ.

ಆ ಪ್ರಬಂಧವನ್ನು ಆಚಾರ್ರೇ ಕೆಡಿಸಿದರು. ಯಾವ ಯಂತ್ರ ತಗೊಳ್ಳಲಿ ಎಂದು ಕೇಳಲು ನನಗೆ ಸಂಕೋಚವಿತ್ತು. ಅವರ ಅನ್ನದ ಬಟ್ಟಲಿನ ಬೆಲೆ ಅವರಲ್ಲೇ ವಿಚಾರಿಸಿದ ಹಾಗಲ್ಲವೇ? ಆದರೂ ಊಟದ ಹೊತ್ತಿಗೆ ಕೇಳಿದೆ. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. “ನನ್ನ ಹತ್ತಿರ ಎರಡು ಉಂಟು ಮಾರಾಯ್ರೆ. ಮೂರು ಸ್ಕ್ರೂವಿಗೆ ಎಂತಕ್ಕೆ ಹೊತ್ತು ತರುವುದು ಅಂತ ಬಿಟ್ಟು ಬಂದೆ. ಕಿಚನ್ನಿನ ಕೆಲಸ ಹಿಡಿದರೆ ದಿನಕ್ಕೆ ಇನ್ನೂರು ಮುನ್ನೂರು ಸ್ಕ್ರೂ. ಅಪ್ಪ ಕೈಯಲ್ಲೇ ತಿರುಗಿಸಿ ತಿರುಗಿಸಿ ಕೊನೆಗೆ ಊಟದ ತುತ್ತು ಎತ್ತಲು ಆಗ್ತಿರಲಿಲ್ಲ. ಈ ಮಿಶನು ಹತ್ತು ವರ್ಷ ಮೊದಲೇ ಬರಬೇಕಿತ್ತು.” ಆಮೇಲೆ ಸಾರು ಬಡಿಸಿಕೊಳ್ಳುತ್ತಾ, “ನಿಮಗೆ ಇಂಪ್ಯಾಕ್ಟ್ ಬೇಡ. ಕ್ಲಚ್ಚು ಇದ್ದದ್ದು ತಗೊಳ್ಳಿ. ಮೂರರಲ್ಲಿ ಇಟ್ಟು ಶುರು ಮಾಡಿ, ಸಾಲದಿದ್ದರೆ ನಾಲ್ಕು” ಎಂದರು.

ಕೈಗೆಲಸದ ಬಗ್ಗೆ ನಮಗಿರುವ ಭಕ್ತಿಯಲ್ಲಿ ಒಂದು ಸುಳ್ಳಿದೆ ಎಂದು ನನಗೆ ಆವತ್ತು ಅನ್ನಿಸಿತು. ದಿನಕ್ಕೆ ಮುನ್ನೂರು ಸ್ಕ್ರೂ ತಿರುಗಿಸುವವನಿಗೆ ಆ ಭಕ್ತಿ ಇರುವುದಿಲ್ಲ. 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ್ದು ವೀರಪಾಂಡ್ಯ ಎಂದು ಶಾಸನ ಹೇಳುತ್ತದೆ. ಸುಮಾರು 42 ಅಡಿಯ ಆ ಕಲ್ಲಿನ ಮುಂದೆ ಎಷ್ಟು ಜನರ ಹೆಗಲು ಬಿದ್ದುಹೋಯಿತು ಎಂಬುದು ನಾವು ಮೆಟ್ಟಿಲು ಹತ್ತುವಾಗ ಕೇಳಿಕೊಳ್ಳುವ ಪ್ರಶ್ನೆಯಲ್ಲ. 1909ರ ‘ಹಿಂದ್ ಸ್ವರಾಜ್’ನಲ್ಲಿ ಯಂತ್ರವನ್ನು ಅಷ್ಟು ಕಟುವಾಗಿ ಬೈದ ಗಾಂಧಿ, 1924ರಲ್ಲಿ ರಾಮಚಂದ್ರನ್ ಎಂಬ ವಿದ್ಯಾರ್ಥಿ ಕೇಳಿದಾಗ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಬೇಸರದ ಹೊಲಿಗೆಯಲ್ಲಿ ಬೆನ್ನು ಬಗ್ಗಿಸುವುದನ್ನು ನೋಡಲಾರದೆ ಪ್ರೀತಿಯಿಂದ ಅದನ್ನು ಮಾಡಿದ ಎಂಬುದು ಅವರು ಕೊಟ್ಟ ಕಾರಣ. ಹುಡುಗ ಬಿಡಲಿಲ್ಲ: ಹೊಲಿಗೆ ಯಂತ್ರ ಬೇಕಾದರೆ ಅದನ್ನು ಮಾಡುವ ಕಾರ್ಖಾನೆ ಬೇಕಲ್ಲ, ಅಲ್ಲಿ ದೊಡ್ಡ ಯಂತ್ರಗಳಿರಬೇಕಲ್ಲ? ಹೌದು ಎಂದರು ಗಾಂಧಿ, ಅಂಥ ಕಾರ್ಖಾನೆಗಳು ಸರ್ಕಾರದ ಕೈಯಲ್ಲಿರಬೇಕು ಎಂದೂ ಸೇರಿಸಿದರು. ಆ ಉತ್ತರ ಸಾಕಾಗುತ್ತದೋ ಇಲ್ಲವೋ, ಪ್ರಶ್ನೆ ಮಾತ್ರ ಸರಿಯಾದದ್ದು. ಸಣ್ಣ ಯಂತ್ರ ನನ್ನ ಕೈಯಲ್ಲಿ ಒಂಟಿಯಾಗಿ ಇರುವುದಿಲ್ಲ. ಅದರ ಹಿಂದೆ ಒಂದು ಕಾರ್ಖಾನೆ, ಅದರ ಹಿಂದೆ ಒಂದು ಗಣಿ.

ಯಾರ ಹಂಗೂ ಬೇಡ ಎಂದು ಹೊರಟವನು ನಾನು. ಲೆಕ್ಕ ಹಾಕಿ ನೋಡಿದೆ. ಬ್ಯಾಟರಿ ಕಳಚಿ ಹಾಕುವ ಯಂತ್ರ ತಗೊಂಡರೆ ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಒಮ್ಮೆ ಒಂದು ಮನೆಗೆ ಹೆಣ್ಣು ಕೊಟ್ಟರೆ ಮುಂದಿನ ಸಂಬಂಧವೆಲ್ಲ ಅಲ್ಲೇ. ಲಿಥಿಯಂ ಸೆಲ್ಲುಗಳಲ್ಲಿ ಹಲವಕ್ಕೆ ಕೋಬಾಲ್ಟ್ ಬೇಕು. ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಾಂಗೋದಿಂದ. ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರಲ್ಲಿ ವರದಿ ಮಾಡಿತ್ತು. ಹೀಗೆ ಕಾರ್ಕಳದ ಒಬ್ಬರ ಹಂಗು ಬೇಡವೆಂದು ನಾನು ಎಂದೂ ಮುಖ ನೋಡದ ಎಷ್ಟೋ ಜನರ ಹಂಗಿಗೆ ಬೀಳುತ್ತಿದ್ದೆ. ವ್ಯತ್ಯಾಸ ಇಷ್ಟೇ, ಅವರು ಯಾರೂ ‘ನಾಳೆ ಬರ್ತೇನೆ’ ಎಂದು ಕಾಯಿಸುವುದಿಲ್ಲ. ಅವರಿಗೆ ನಾನು ಊಟ ಹಾಕಬೇಕಾಗಿಯೂ ಇಲ್ಲ. ಸುತ್ತಿಗೆ ಸರಿಯಾಗಿ ಬಡಿಯುತ್ತಿರುವಷ್ಟು ಹೊತ್ತು ಕಣ್ಣಿಗೆ ಬೀಳುವುದಿಲ್ಲ, ಕೆಟ್ಟಾಗ ಮಾತ್ರ ಎದುರು ಬಂದು ನಿಲ್ಲುತ್ತದೆ ಎಂಬರ್ಥದ ಮಾತನ್ನು ಹೈಡೆಗರ್ 1927ರಲ್ಲಿ ಬರೆದಿದ್ದ. ನಾವು ಆತುಕೊಂಡ ಮನುಷ್ಯರ ವಿಷಯದಲ್ಲೂ ಹಾಗೆಯೇ. ಆಚಾರ್ರು ಬಾರದ 19 ದಿನ ನನಗೆ ಅವರು ಚೆನ್ನಾಗಿ ಕಂಡರು. ಗಣಿಯ ಹುಡುಗ ಕಾಣುವುದೇ ಇಲ್ಲ, ಏಕೆಂದರೆ ಬ್ಯಾಟರಿ ಸಮಯಕ್ಕೆ ಸರಿಯಾಗಿ ಮನೆಬಾಗಿಲಿಗೆ ಬರುತ್ತದೆ.

ಹಾಗೆಂದು ಹಂಗನ್ನು ಹಾಡಿ ಹೊಗಳುವುದೂ ನನಗಾಗದು. ಮೂರು ಸ್ಕ್ರೂ ಬಿಗಿಯಲು ನಾಲ್ಕು ಬಸ್ಸು ಹತ್ತಿಳಿದು ಅರ್ಧ ದಿನ ಕಳೆದುಕೊಳ್ಳುವುದು ಆಚಾರ್ರಿಗೆ ನಷ್ಟವೇ. ಅವರು ಹಣ ಕೇಳಲು ನಾಚುತ್ತಾರೆ, ಅಮ್ಮ ಕೊಡುವುದು ಯಾವ ಕಾಲದ ಲೆಕ್ಕವೋ. ಹಳೇ ಸಂಬಂಧದ ಹೆಸರಿನಲ್ಲಿ ನಾವು ಅವರ ಕೂಲಿ ತಿನ್ನುತ್ತಿದ್ದೇವೆಯೇ? ಇದನ್ನು ಅಮ್ಮನಲ್ಲಿ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನೀನು ಬಂದರೆ ಐದು ನಿಮಿಷದಲ್ಲಿ ಬಿಗಿದು ಫೋನು ನೋಡ್ತಾ ಕೂತ್ಕೊಳ್ತಿ. ಅವರು ಬಂದರೆ ಮಧ್ಯಾಹ್ನದವರೆಗೆ ಮಾತಾಡ್ತಾರೆ.” ಅಪ್ಪ ತೀರಿಹೋದ ಮೇಲೆ ಆ ಮನೆಯಲ್ಲಿ ಅಪ್ಪನ ಸುದ್ದಿ ಎತ್ತುವವರು ಅವರೊಬ್ಬರೇ ಎಂಬುದು ನನಗೆ ಹೊಳೆದಿರಲಿಲ್ಲ. ಮುಂದಿನ ಸಲದಿಂದ ಬಸ್ಸಿನ ಖರ್ಚು ಮತ್ತು ಅರ್ಧ ದಿನದ ಈಗಿನ ಕೂಲಿ ಕೊಡುವುದೆಂದು ನಾವಿಬ್ಬರೂ ಒಪ್ಪಿದೆವು.

ಉಡುಪಿಗೆ ಹೋಗಿ ಕೊನೆಗೂ ಒಂದು ಯಂತ್ರ ತಂದೆ. ಅಂಗಡಿಯಲ್ಲಿ ಅಂಗೈಯಗಲದ 3.6 ವೋಲ್ಟಿನದ್ದೇ ಸಾಕು ಅನ್ನಿಸಿತ್ತು, ಬೆಲೆಯೂ ಕಡಿಮೆ. ಹಿಂದೇಟು ಹಾಕಿದ್ದು ಒಂದೇ ಕಾರಣಕ್ಕೆ: ಅಲ್ಲಿದ್ದವುಗಳ ಬ್ಯಾಟರಿ ಒಳಗೇ ಕೂರಿಸಿದ್ದು, ತೆಗೆಯಲು ಬಾರದು. ಕೆಲವು ವರ್ಷಕ್ಕೆ ಸೆಲ್ ಸತ್ತರೆ ಒಳ್ಳೆಯ ಮೋಟಾರು, ಗಿಯರು ಸಮೇತ ಇಡೀ ಉಪಕರಣ ಕಸ. ಆಗ ನೆನಪಾದದ್ದು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಬೀಳಲಿದ್ದ ಹಳೇ ಮನೆಗಳನ್ನು ವಿಜಯನಾಥ ಶೆಣೈಯವರು ಬಿಚ್ಚಿಸಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಅದು ಸಾಧ್ಯವಾದದ್ದಕ್ಕೆ ಅವರ ಹಟ ಒಂದು ಕಾರಣ. ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಜೋಡಿಸಿದ ಹಳೇ ಕೆಲಸ ಇನ್ನೊಂದು. ಜೋಡಿಸಿದವರು ಬಿಚ್ಚುವ ದಾರಿಯನ್ನೂ ಬಿಟ್ಟಿದ್ದರು. ಸ್ಕ್ರೂವಿನ ಗುಣವೂ ಅದೇ ಅಲ್ಲವೇ, ಮೊಳೆಗೆ ಅದು ಇಲ್ಲ. ಸ್ಕ್ರೂ ಬಿಚ್ಚುವ ಉಪಕರಣವನ್ನೇ ಬಿಚ್ಚಲಾಗದ ಹಾಗೆ ಅಂಟಿಸಿಟ್ಟಿದ್ದಾರೆ ಎಂಬುದು ನನಗೆ ನಗು ತರಿಸಿತು. 12 ವೋಲ್ಟಿನದ್ದನ್ನು ತಗೊಂಡೆ. ಕ್ಲಚ್ಚು ಉಂಟು, ಬ್ಯಾಟರಿ ಕಳಚಬಹುದು. ಕೋಬಾಲ್ಟಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಒಂದನ್ನೇ ಕೊಂಡು, ಬಹಳ ವರ್ಷ ಬಳಸಿ, ಕೇಳಿದವರಿಗೆ ಎರವಲು ಕೊಡುವುದು ಉತ್ತರವಾಗುವುದಿಲ್ಲ, ಸಮಾಧಾನವಷ್ಟೇ.

ಬಿಜಾಗರಿ ಎಂಬ ಪದ ಪೋರ್ಚುಗೀಸರದ್ದಂತೆ. ಚಾವಿಯೂ ಅವರದ್ದೇ, ನಮ್ಮ ಕಡೆಯ ಜನೇಲೂ. ಬಾಗಿಲು ನಮ್ಮದು, ಅದನ್ನು ತೆರೆಯುವ ಮುಚ್ಚುವ ಮಾತೆಲ್ಲ ಹಡಗಿನಲ್ಲಿ ಬಂದದ್ದು.

ಕಳೆದ ತಿಂಗಳು ಯಂತ್ರವನ್ನು ಕಾಪುವಿಗೆ ಒಯ್ದೆ. ಕ್ಲಚ್ಚನ್ನು ಮೂರರಲ್ಲಿಟ್ಟು ಅಡುಗೆಮನೆಯ ಕಪಾಟು, ಸ್ವಿಚ್ ಬೋರ್ಡು, ಬಚ್ಚಲಿನ ಚಿಲಕ ಎಲ್ಲ ಬಿಗಿದೆ. ಮರ ಹಿಡಿದುಕೊಂಡಾಗ ಕಟಕಟ ಎಂದು ತಾನೇ ಬಿಟ್ಟುಬಿಡುತ್ತಿತ್ತು. ಚಾವಡಿಯ ಜನೇಲಿನ ಬಾಗಿಲೊಂದು ಅಲುಗಾಡುತ್ತಿತ್ತು. ಅದಕ್ಕೆ ಸ್ಕ್ರೂ ಹುಡುಕುತ್ತಿದ್ದಾಗ ಅಮ್ಮ ಒಳಗಿನಿಂದ ಬಂದರು.

“ಅದು ಇರಲಿ,” ಎಂದರು. “ಆಚಾರ್ರಿಗೆ ಹೇಳಿದ್ದೇನೆ.”