ಗೋಡೆಯ ಮೇಲಿನ ಹುಡುಗಿ

ಗಾಂಧಿಬಜಾರಿನ ಹತ್ತಿರ ನನಗೊಬ್ಬರು ಮೇಷ್ಟ್ರು ಸ್ನೇಹಿತರಿದ್ದಾರೆ. ಎರಡು ವರ್ಷ ಸಂಬಳವಿಲ್ಲದ ರಜೆ ಹಾಕಿ, ಊಟ ವಸತಿಯಷ್ಟಕ್ಕೇ ಒಪ್ಪಿ, ಪೂರ್ವ ಆಫ್ರಿಕದ ಒಂದು ಹಳ್ಳಿಯ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ಬಂದರು. ಬಂದ ಮೇಲೆ ಸುಮ್ಮನಿರುವುದುಂಟೆ? ತಮ್ಮ ತರಗತಿಯ ಗೋಡೆಯ ಮೇಲೆ ಅಲ್ಲಿನ ಚಿತ್ರಗಳನ್ನು ತೋರಿಸಿದರು: ಮುರುಕು ಬೆಂಚು, ಸೋರುವ ಸೂರು, ತಲೆಯ ಮೇಲೆ ನೀರಿನ ಡಬ್ಬ ಹೊತ್ತು ಬರಿಗಾಲಲ್ಲಿ ನಿಂತ ಹುಡುಗಿ. ಮಕ್ಕಳೆಲ್ಲ "ಅಯ್ಯೋ ಪಾಪ" ಎಂದರು. ಮರುದಿನ ಒಬ್ಬ ಬಾಲೆ ತನ್ನ ಹಳೆಯ ಫ್ರಾಕುಗಳನ್ನು ಚೀಲದಲ್ಲಿ ತುಂಬಿ ತಂದಳು.

ಮೇಷ್ಟ್ರಿಗೆ ಸಂತೋಷವಾಗಬೇಕಿತ್ತು. ಆದರೆ ಅಂದು ಸಂಜೆ ಕೃಷ್ಣರಾವ್ ಪಾರ್ಕಿನಲ್ಲಿ ಕುಳಿತಾಗ, "ನಾನೊಂದು ತಪ್ಪು ಮಾಡಿದೆ" ಎಂದರು. "ಆ ಹುಡುಗಿ ನನ್ನ ತರಗತಿಯಲ್ಲೆಲ್ಲ ರೇಖಾಗಣಿತದಲ್ಲಿ ಚೂಟಿ. ಒಮ್ಮೆ ನಾನು ಹಲಗೆಯ ತುಂಬ ಬರೆದ ಸಾಧನೆಯನ್ನು, ಒಂದೇ ಗೆರೆ ಎಳೆದು, ಎರಡೇ ಹೆಜ್ಜೆಯಲ್ಲಿ ಮುಗಿಸಿಬಿಟ್ಟಳು. ಇದನ್ನು ನಮ್ಮ ಮಕ್ಕಳಿಗೆ ಹೇಳಲೇ ಇಲ್ಲ. ನೀರಿನ ಡಬ್ಬ ತೋರಿಸಿದೆ."

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಏಕೆಂದರೆ ನಾವೂ ಒಂದು ಕಾಲಕ್ಕೆ ಗೋಡೆಯ ಮೇಲಿನ ಚಿತ್ರವಾಗಿದ್ದವರೇ. 1961ರಲ್ಲಿ ಕೆನಡಿಯವರ ಕಾಲದಲ್ಲಿ ಪೀಸ್ ಕೋರ್ ಎಂಬ ಶಾಂತಿದಳ ಹುಟ್ಟಿತು. ಅದರ ತರುಣ ತರುಣಿಯರು 1976ರವರೆಗೆ ಭಾರತಕ್ಕೆ ಬಂದರು. ನಮ್ಮ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದರು. ಅನ್ಯ ಜನರನ್ನು ಅಮೆರಿಕದವರು ಚೆನ್ನಾಗಿ ಅರಿಯುವಂತಾಗಬೇಕು ಎಂಬುದು ಆ ದಳದ ಕಾನೂನಿನಲ್ಲೇ ಬರೆದಿರುವ ಉದ್ದೇಶಗಳಲ್ಲೊಂದು. ಹಿಂದಿರುಗಿದವರಲ್ಲಿ ಅನೇಕರು ಉಪಾಧ್ಯಾಯರಾದರು. ಅವರ ತರಗತಿಯ ಗೋಡೆಯ ಮೇಲೆ ಸಗಣಿಯಲ್ಲಿ ಕೈಯಿಟ್ಟ ನನ್ನ ತಾಯಿಯೂ ಮೂಡಿದ್ದರೆ, ಅಲ್ಲಿನ ಮಕ್ಕಳು ಏನೆನ್ನುತ್ತಿದ್ದರು? ಅವಳಿಗೆ ಕುಮಾರವ್ಯಾಸ ಪರ್ವಗಟ್ಟಲೆ ಬಾಯಿಗೆ ಬರುತ್ತಿದ್ದ. ಕ್ಯಾಮರಾಕ್ಕೆ ಸಗಣಿ ಕಾಣುತ್ತದೆ, ಕುಮಾರವ್ಯಾಸ ಕಾಣುವುದಿಲ್ಲ. "ಅಯ್ಯೋ ಪಾಪ" ಎಂಬ ಮಾತು ಅವಳ ಕಿವಿಗೇನಾದರೂ ಬಿದ್ದಿದ್ದರೆ ಆ ಮಕ್ಕಳ ಗತಿ ಏನಾಗುತ್ತಿತ್ತೋ ನನಗೆ ಗೊತ್ತು!

ಹಾಗೆಂದು ಬಡತನವನ್ನು ಮುಚ್ಚಿಡಬೇಕೆ? ಅದೂ ಸುಳ್ಳೇ. ಆ ಹುಡುಗಿ ನೀರಿಗಾಗಿ ನಡೆಯುವುದು ದಿಟ. ಬಸವನಗುಡಿಯ ಮಕ್ಕಳು ಅದನ್ನು ತಿಳಿಯದೆ ಬೆಳೆಯುವುದು ಒಳ್ಳೆಯದಲ್ಲ. ಆದರೆ ಹೇಳುವವರು ಒಂದು ಎಣಿಕೆ ಇಟ್ಟುಕೊಳ್ಳಬೇಕು: ಅವಳೇ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದರೆ ತಲೆ ತಗ್ಗಿಸಬೇಕಾಗುತ್ತಿತ್ತೇ?

ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರ ನೆನಪಾಗುತ್ತದೆ. ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತವಿಜ್ಞಾನ ಓದಿ, 1960ರಲ್ಲಿ ಡಾಕ್ಟರೇಟ್ ಪಡೆದು ಬಂದವರು. ಬಂದ ಮೇಲೂ ಅದೇ ಖಾದಿ, ಅದೇ ಗಾಂಧಿ ಟೋಪಿ, ಹಾಸ್ಟೆಲಿನ ಕೊಠಡಿಯ ವಾಸ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದರು. ವಿದ್ಯಾರ್ಥಿಗಳಿಗೆ ಅವರು ಹಚ್ಚಿದ್ದು ಅಮೆರಿಕದ ಬೆರಗನ್ನಲ್ಲ, ಏಕೆ, ಹೇಗೆ ಎಂದು ಕೇಳುವ ಚಟವನ್ನು. ಆದರೆ ಅವರು ಕಲಿಯಲು ಹೋಗಿದ್ದವರು. ಕಲಿಯಲು ಹೋದವನಿಗೆ, ಇಂಥವರಿಂದ ಇಂಥದನ್ನು ಕಲಿತೆ ಎನ್ನುವುದು ಸುಲಭ. ಕೊಡಲು ಹೋದವನಿಗೆ ಕಷ್ಟ. ತಾನು ಪಡೆದದ್ದನ್ನು ಹೇಳಿದರೆ ಕೊಟ್ಟದ್ದು ಕಡಮೆಯಾದೀತೆಂಬ ಅಂಜಿಕೆ. ಸೇವೆಗೆ ಹೊರಡುವ ಸಜ್ಜನರಲ್ಲಿ ಈ ಸಣ್ಣ ಜಿಪುಣತನವನ್ನು ನಾನು ಹಲವು ಸಲ ಕಂಡಿದ್ದೇನೆ.

ಮುಂದಿನ ವಾರ ನನ್ನ ಸ್ನೇಹಿತರು ಚಿತ್ರ ತೋರಿಸಲಿಲ್ಲ. ಆ ಲೆಕ್ಕವನ್ನೇ ಹಲಗೆಯ ಮೇಲೆ ಬರೆದು, "ಇದನ್ನು ನಾನು ಸುತ್ತಿ ಬಳಸಿ ಮಾಡಿದ್ದೆ, ಅಲ್ಲಿನ ಹುಡುಗಿಯೊಬ್ಬಳು ಎರಡು ಹೆಜ್ಜೆಯಲ್ಲಿ ಮಾಡಿದಳು. ನೀವು ಮಾಡಿ" ಎಂದರು. ಗಂಟೆ ಬಾರಿಸುವವರೆಗೆ ಯಾರಿಗೂ ಆಗಲಿಲ್ಲ. ಗೆರೆ ಎಳೆದು ತೋರಿಸಿದಾಗ, ಫ್ರಾಕು ತಂದಿದ್ದ ಬಾಲೆಯೇ ಎದ್ದು ನಿಂತು, "ಅವಳಿಗೆ ಅದು ಹೇಗೆ ಹೊಳೆಯಿತು ಸಾರ್?" ಎಂದು ಕೇಳಿದಳಂತೆ.

ಚೀಲವಿನ್ನೂ ಉಪಾಧ್ಯಾಯರ ಕೊಠಡಿಯ ಬೀರುವಿನಲ್ಲೇ ಇದೆ. ಹಿಂದಿರುಗಿಸಿದರೆ ಮಗುವಿನ ಮನಸ್ಸು ನೊಂದೀತು. ಕಳಿಸಲು ಮೇಷ್ಟ್ರಿಗೆ ಮನಸ್ಸಿಲ್ಲ. ಏನು ಮಾಡಲಿ ಎಂದು ನನ್ನನ್ನು ಕೇಳಿದರು. ನನಗೂ ತೋಚಲಿಲ್ಲ.