ಅಪ್ಪನ ಪದ್ಮಿನಿ: ಮೊದಲು ಕುಳಿತು ಲೆಕ್ಕ ಹಾಕು

  

ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. "ಪಾಸ್ಟರ್, ಒಂದು ಹಳೇ ಗಾಡಿ ತಗೊಂಡು ರೆಡಿ ಮಾಡಬೇಕಂತ ಭಾಳ ಆಸೆ ಐತ್ರಿ. ಇದು ಲೋಕದ ಆಸೆ ಏನ್ರಿ? ಪಾಪ ಆಗ್ತದೇನ್ರಿ?" ಅಂದ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಭಾನುವಾರ ಹೇಳ್ತೀನಿ ಅಂದೆ. ಯಾಕೆಂದರೆ ಅದೇ ಪ್ರಶ್ನೆಯಲ್ಲಿ ನಾನೇ ಒಂದು ವರ್ಷದಿಂದ ಸಿಕ್ಕಿಕೊಂಡಿದ್ದೆ.

ಇಲ್ಲೇ ಜಲನಗರದ ನಮ್ಮ ಮನೆಗೆ ಬಂದವರೆಲ್ಲ ನೋಡಿದ್ದೀರಿ. ಬೇವಿನ ಮರದ ಕೆಳಗೆ ತಗಡಿನ ಶೆಡ್, ಅದರೊಳಗೆ ತಾಡಪತ್ರಿ ಹೊದ್ದುಕೊಂಡು ನಿಂತ ಒಂದು ಗಾಡಿ. ಅದು ನಮ್ಮ ಅಪ್ಪನ ಪ್ರೀಮಿಯರ್ ಪದ್ಮಿನಿ, 1984ರದು. ನಿಮ್ಮಲ್ಲಿ ಬಹಳ ಜನ ಆಗ ಹುಟ್ಟಿರಲೇ ಇಲ್ಲ. ಮೊದಲು ಇದನ್ನು ಫಿಯೆಟ್ ಅನ್ನುತ್ತಿದ್ದರು, 1974ರಿಂದ ಪದ್ಮಿನಿ ಅಂತ ಹೆಸರಾಯಿತು. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. 1089 ಸಿಸಿ ಎಂಜಿನ್, ಗೇರ್ ಇರುವುದು ಸ್ಟೇರಿಂಗ್ ಪಕ್ಕದಲ್ಲಿ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳನ್ನು ಹಳೇ ಸಿನಿಮಾದಲ್ಲಿ ನೋಡಿರ್ತೀರಿ, ಅದೇ ಗಾಡಿ. 2023ರ ಅಕ್ಟೋಬರ್ ಕೊನೆಗೆ ಅಲ್ಲಿ ಆ ಟ್ಯಾಕ್ಸಿಗಳ ಓಟವೂ ನಿಂತಿತು.

ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಬಾಡಿಗೆಗೆ ಓಡಿಸಿದರು. ಅದರ ದುಡಿಮೆಯಲ್ಲೇ ನಾವಿಬ್ಬರು ಅಣ್ಣತಮ್ಮಂದಿರು ಓದಿದೆವು. ಕೊನೆಯ ವರ್ಷ ಅವರಿಗೆ ಹಾಸಿಗೆ ಬಿಟ್ಟು ಏಳಲಿಕ್ಕೆ ಆಗುತ್ತಿರಲಿಲ್ಲ. ಒಂದು ದಿನ ನನ್ನ ಕೈ ಹಿಡಿದು, "ಒಮ್ಮೆ ನಮ್ಮ ಗಾಡ್ಯಾಗ ತಿಕೋಟಾಕ್ಕ ಕರ್ಕೊಂಡು ಹೋಗೋ, ನಮ್ಮ ದ್ರಾಕ್ಷಿ ತೋಟ ನೋಡಬೇಕು" ಅಂದರು. ಅರ್ಧ ತಾಸಿನ ದಾರಿ ಅದು. ನಾನು, "ಮುಂದಿನ ವಾರ ಹೋಗೋಣಪ್ಪಾ, ಈ ವಾರ ಕನ್ವೆನ್ಷನ್ ಅದ" ಅಂದೆ. ಆ ಮುಂದಿನ ವಾರ ಬರಲಿಲ್ಲ. ಐದು ವರ್ಷ ಆಯ್ತು.

ಹೋದ ವರ್ಷ ತಮ್ಮ ಫೋನ್ ಮಾಡಿ, "ಅಣ್ಣಾ, ಗುಜರಿಗೆ ಹಾಕಿಬಿಡೋಣು" ಅಂದ. ನನಗೆ ಸಿಟ್ಟು ಬಂತು. "ಅಪ್ಪನ ಗಾಡಿ ಗುಜರಿಗೆ ಹಾಕ್ತೀಯಾ? ನಾ ಅದನ್ನ ಹೊಸಾದು ಮಾಡ್ತೀನಿ ನೋಡು" ಅಂದುಬಿಟ್ಟೆ. ಪ್ರಾರ್ಥನೆ ಮಾಡಲಿಲ್ಲ, ಲೆಕ್ಕ ಮಾಡಲಿಲ್ಲ. ಬಾಯಿಂದ ಮಾತು ಬಂದುಬಿಟ್ಟಿತು.

ಪಟ್ಟಣದ ಒಬ್ಬ ಹಳೇ ಮಿಸ್ತ್ರಿಯನ್ನು ಕರೆಸಿದೆ. ಎಲ್ಲರೂ ಅವರನ್ನು ಚಾಚಾ ಅಂತಾರೆ. ಗಾಡಿ ನೋಡಲಿಕ್ಕೆ ಕೆಟ್ಟಿರಲಿಲ್ಲ, ಬಿಳಿ ಬಣ್ಣ ಇನ್ನೂ ಇತ್ತು. ಚಾಚಾ ಜೇಬಿನಿಂದ ಒಂದು ಸಣ್ಣ ಮ್ಯಾಗ್ನೆಟ್ ತೆಗೆದು ಬಾಡಿ ಮೇಲೆ ಆಡಿಸುತ್ತ ಹೋದರು. ಬಾನೆಟ್ ಮೇಲೆ ಟಪ್ ಅಂತ ಹಿಡಿಯಿತು. ಬಾಗಿಲ ಕೆಳಗೆ ಬಂದಾಗ ಹಿಡಿಯಲೇ ಇಲ್ಲ, ಜಾರಿ ಬಿತ್ತು. "ಇಲ್ಲಿ ತಗಡೇ ಇಲ್ರಿ ಪಾಸ್ಟರ್ ಸಾಬ್, ಎಲ್ಲಾ ಪುಟ್ಟಿ" ಅಂದರು. ಒಳಗೆ ತುಕ್ಕು ತಿಂದದ್ದನ್ನು ಯಾರೋ ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದ್ದರು. ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ, ಮ್ಯಾಗ್ನೆಟ್‌ಗೆ ಮಾಡಲ್ಲ.

ಪ್ರಿಯರೇ, ಆ ಮ್ಯಾಗ್ನೆಟ್ ಬಿದ್ದ ಸದ್ದು ನನ್ನನ್ನು ಒಂದು ವರ್ಷ ಬಿಡಲಿಲ್ಲ. ಅದನ್ನು ಆಮೇಲೆ ಹೇಳ್ತೀನಿ.

ಈಗ ವಾಕ್ಯಕ್ಕೆ ಬನ್ನಿ. ಲೂಕ 14:28ರಿಂದ 30. ಗೋಪುರ ಕಟ್ಟಬೇಕು ಅನ್ನುವವನು ಮೊದಲು ಕುಳಿತು, ಮುಗಿಸುವಷ್ಟು ತನ್ನಲ್ಲಿ ಇದೆಯೋ ಅಂತ ಖರ್ಚಿನ ಲೆಕ್ಕ ಹಾಕಬೇಕು ಅಂತ ಯೇಸು ಹೇಳುತ್ತಾನೆ. ಇಲ್ಲದಿದ್ದರೆ ಅಸ್ತಿವಾರ ಹಾಕಿ ನಿಂತುಬಿಡುತ್ತದೆ, ನೋಡಿದವರು ನಗುತ್ತಾರೆ. ಈ ಮಾತು ಶಿಷ್ಯತ್ವದ ವಿಷಯ, ಗಾಡಿಯ ವಿಷಯ ಅಲ್ಲ, ಅದು ನನಗೆ ಗೊತ್ತು. ಆದರೆ ಸಣ್ಣ ವಿಷಯದಲ್ಲಿ ಲೆಕ್ಕ ಹಾಕದವನು ದೊಡ್ಡ ವಿಷಯದಲ್ಲಿ ಹಾಕ್ತಾನಾ?

ನಮ್ಮ ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ನಡುವೆ ಬಾರಾ ಕಮಾನ್ ನಿಂತಿದೆ. ಮೊಹಮ್ಮದ್ ಆದಿಲ್ ಶಾಹನಿಗೆ ಗೋಲ್ ಗುಂಬಜ್ ಇದೆ. ಅವನ ನಂತರ ಬಂದ ಎರಡನೇ ಅಲಿ ಆದಿಲ್ ಶಾಹನಿಗೆ ಬಾರಾ ಕಮಾನ್. ಅಲಿ 1672ರಲ್ಲಿ ತೀರಿಕೊಂಡ. ಕಮಾನುಗಳು ಎದ್ದು ನಿಂತಿವೆ, ಗೋರಿಯೂ ಇದೆ, ಮೇಲೆ ಗುಮ್ಮಟ ಮಾತ್ರ ಇಲ್ಲ. ಮೂರೂವರೆ ನೂರು ವರ್ಷದಿಂದ ಆಕಾಶವೇ ಅದಕ್ಕೆ ಚಾವಣಿ. ನಾವೆಲ್ಲ ಅಲ್ಲಿ ಹೋಗಿ ಸೆಲ್ಫಿ ತಗೋತೀವಿ. ಆದರೆ ನಮ್ಮ ಮನೆ ಅಂಗಳದಲ್ಲಿ ಒಂದೊಂದು ಬಾರಾ ಕಮಾನ್ ಇದ್ದರೆ ಅದರ ಫೋಟೋ ಯಾರೂ ಹಾಕೋದಿಲ್ಲ.

ಹಾಗಾಗಿ ಒಂದು ರಾತ್ರಿ ನಾನೂ ಕುಳಿತೆ. ಚಾಚಾ ಹೇಳಿದ್ದು ತಗಡಿನ ಕೆಲಸ, ಎಂಜಿನ್, ಬ್ರೇಕ್, ವೈರಿಂಗ್, ಸೀಟು, ಬಣ್ಣ ಎಲ್ಲಾ ಸೇರಿ ಎರಡೂವರೆ ಲಕ್ಷ. "ಬಿಚ್ಚಿದ ಮ್ಯಾಲೆ ಇನ್ನೂ ಬರ್ತದ" ಅಂತ ಎಚ್ಚರಿಕೆಯೂ ಕೊಟ್ಟಿದ್ದರು. ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಓದಲ್ಲಿ ಗಾಡಿ ತೋರಿಸಿ ನವೀಕರಿಸಬೇಕು. ನಮ್ಮದು ಎಷ್ಟೋ ವರ್ಷದ ಹಿಂದೆಯೇ ಮುಗಿದಿತ್ತು. ವಿಂಟೇಜ್ ಗಾಡಿ ಅಂತ ಬೇರೆ ನೋಂದಣಿ 2021ರಲ್ಲಿ ಬಂದಿದೆ, ಆದರೆ ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು. 1984ರದು ಇನ್ನೂ ಆ ಲೆಕ್ಕಕ್ಕೆ ಬರಲ್ಲ.

ನನ್ನ ಹತ್ತಿರ ಎರಡೂವರೆ ಲಕ್ಷ ಇತ್ತಾ? ಇರಲಿಲ್ಲ. ಫೋನ್ ತೆಗೆದೆ. ಲೋನ್ ಕೊಡೋ ಆ್ಯಪ್‌ಗಳು ಹತ್ತು ನಿಮಿಷದಲ್ಲಿ ದುಡ್ಡು ಅಂತವೆ. ನನ್ನ ಬೆರಳು ಆ ಬಟನ್ ಮೇಲೆ ಇತ್ತು. ನಿಮ್ಮ ಪಾಸ್ಟರ್ ಬೆರಳು! ಆಗ ಹೆಂಡತಿ ಹಿಂದೆ ಬಂದು ನಿಂತು ಕೇಳಿದಳು: "ರೀ, ಒಂದು ಮಾತು ಕೇಳ್ಲಾ? ಇದು ಮಾಮಾರ ಸಲುವಾಗಿನಾ, ನಿಮ್ಮ ಸಲುವಾಗಿನಾ?" ಉತ್ತರ ಕೊಡಲಿಕ್ಕೆ ಆಗಲಿಲ್ಲ. ಮ್ಯಾಗ್ನೆಟ್ ಜಾರಿ ಬಿತ್ತು.

ಮರುದಿನ ಅವ್ವನ ಹತ್ತಿರ ಹೋಗಿ ಕುಳಿತೆ. "ಅಪ್ಪನ ನೆನಪಿಗೆ ಗಾಡಿ ರೆಡಿ ಮಾಡ್ತೀನಿ ಅವ್ವಾ" ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮಾಡಪಾ. ಆದ್ರ ನಿಮ್ಮಪ್ಪ ಗಾಡಿಗೆ ಕಾಯ್ತಿರಲಿಲ್ಲೋ. ನಿನಗ ಕಾಯ್ತಿದ್ದ" ಅಂದಳು.

ಅವ್ವನ ಎಡಗಣ್ಣಿಗೆ ಪೊರೆ ಬಂದು ಆಪರೇಷನ್ ಮಾಡಿಸಬೇಕು ಅಂತ ಡಾಕ್ಟರ್ ಹೇಳಿ ಏಳು ತಿಂಗಳಾಗಿತ್ತು. ಪ್ರತಿ ಸಲ ನಾನು ಹೇಳ್ತಿದ್ದದ್ದು ಏನು ಗೊತ್ತಾ? "ಮುಂದಿನ ವಾರ ಅವ್ವಾ."

ಮಾರ್ಕ 7ನೇ ಅಧ್ಯಾಯ ತೆಗೆಯಿರಿ, 9ರಿಂದ 13. ಯೇಸುವಿನ ಕಾಲದಲ್ಲಿ ಕೆಲವರು ತಂದೆತಾಯಿಗೆ ಕೊಡಬೇಕಾದದ್ದನ್ನು "ಕೊರ್ಬಾನ್", ಅಂದರೆ ಇದು ದೇವರಿಗೆ ಮೀಸಲು, ಅಂತ ಹೇಳಿ ಕೈ ಬಿಡುತ್ತಿದ್ದರು. ಕೇಳಲಿಕ್ಕೆ ಎಷ್ಟು ಭಕ್ತಿ! ಒಳಗೆ ಪುಟ್ಟಿ. ನಾನು ಮಾಡಿದ್ದೂ ಅದೇ. ತೀರಿಹೋದ ಅಪ್ಪನ ಹೆಸರಲ್ಲಿ, ಬದುಕಿರುವ ಅವ್ವನಿಗೆ ಸಲ್ಲಬೇಕಾದ ಸಮಯವನ್ನೂ ದುಡ್ಡನ್ನೂ ಗಾಡಿಗೆ ಮೀಸಲಿಟ್ಟೆ. ಅದಕ್ಕೆ ಪ್ರೀತಿ ಅಂತ ಬಣ್ಣ ಹೊಡೆದೆ.

ಆ ರಾತ್ರಿ ಶೆಡ್‌ಗೆ ಹೋಗಿ ಅಪ್ಪನ ಸೀಟಿನಲ್ಲಿ ಕುಳಿತೆ. ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ತೆ. ಐದು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ: ಕರ್ತನೇ, ನಾನು ಅಪ್ಪನಿಗೆ ಅನ್ಯಾಯ ಮಾಡಿದೆ. ನಿನ್ನ ಸೇವೆಯ ನೆಪ ಹೇಳಿ ಮಾಡಿದೆ. ನನ್ನನ್ನು ಕ್ಷಮಿಸು. ಆಗ ಪವಿತ್ರಾತ್ಮನು ನನ್ನ ಹೃದಯದಲ್ಲಿ ಒಂದು ವಿಷಯ ತಿಳಿಸಿದನು. ನಾನು ಈ ಗಾಡಿಯಿಂದ ಸಾಲ ತೀರಿಸಲಿಕ್ಕೆ ಹೊರಟಿದ್ದೆ. ಅಪ್ಪನಿಗೆ ಕೊಡದ ಆ ಒಂದು ತಾಸಿಗೆ ಎರಡೂವರೆ ಲಕ್ಷದ ಪ್ರಾಯಶ್ಚಿತ್ತ! ಎಂಥ ಹೊಳಪಿನ ಬಣ್ಣ ಹೊಡೆದರೂ ಆ ಸಾಲ ತೀರುತ್ತಿರಲಿಲ್ಲ. ಕೊಲೊಸ್ಸೆ 2:14 ನೋಡಿ, ನಮ್ಮ ಮೇಲಿದ್ದ ಸಾಲದ ಪತ್ರವನ್ನು ದೇವರು ಶಿಲುಬೆಗೆ ಜಡಿದು ರದ್ದು ಮಾಡಿದ್ದಾನೆ. ಹಲ್ಲೆಲೂಯಾ! ಸಾಲ ರದ್ದಾದ ಮೇಲೆ ಗಾಡಿ ಬರೀ ಗಾಡಿ ಆಯಿತು. ಆಗ ತೀರ್ಮಾನ ಮಾಡೋದು ಸುಲಭ ಆಯಿತು.

ಏನು ತೀರ್ಮಾನ? ಈ ವರ್ಷ ಮಾಡೋದಿಲ್ಲ. ಗುಜರಿಗೂ ಹಾಕೋದಿಲ್ಲ, ತಮ್ಮನೂ ಒಪ್ಪಿದ. ಅವನಿಗೆ ಕ್ಷಮೆ ಕೇಳಿದೆ. ಇನ್ನಷ್ಟು ಹಾಳಾಗದಂತೆ ಇಡೋಣ ಅಂತ ಚಾಚಾ ಬಂದರು. ಹಳೇ ಪೆಟ್ರೋಲ್ ಖಾಲಿ ಮಾಡಿದರು. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಒಂದಿಷ್ಟು ಆಯಿಲ್ ಬಿಟ್ಟು ಎರಡು ದಿನ ನೆನೆಯಲು ಬಿಟ್ಟರು. ಒಣಗಿ ನಿಂತ ಎಂಜಿನ್‌ಗೆ ಅವಸರದಲ್ಲಿ ಸೆಲ್ಫ್ ಹೊಡೆದರೆ ಸಿಲಿಂಡರ್ ಗೀಚಿಹೋಗುತ್ತದಂತೆ. ಮೂರನೇ ದಿನ ಕೈಯಿಂದ ಮೆಲ್ಲಗೆ ತಿರುಗಿಸಿದರು. ತಿರುಗಿತು. ನಾಲ್ಕೂ ಚಕ್ರದ ಹತ್ತಿರ ಸ್ಟ್ಯಾಂಡ್ ಕೊಟ್ಟು ಗಾಡಿ ಎತ್ತಿ ಇಟ್ಟೆವು. "ಪಾಸ್ಟರ್ ಸಾಬ್, ಗಾಡಿ ಎಲ್ಲೂ ಓಡಿ ಹೋಗಂಗಿಲ್ಲ" ಅಂತ ಚಾಚಾ ನಕ್ಕರು.

ಅವ್ವನ ಕಣ್ಣಿನ ಆಪರೇಷನ್ ಆಯಿತು, ದೇವರಿಗೆ ಸ್ತೋತ್ರ. ಪಟ್ಟಿ ಬಿಚ್ಚಿ ಒಂದು ತಿಂಗಳಾದ ಮೇಲೆ ತಮ್ಮನ ಕಾರಿನಲ್ಲಿ ಅವಳನ್ನು ತಿಕೋಟಾಕ್ಕೆ ಕರೆದುಕೊಂಡು ಹೋದೆವು. ದ್ರಾಕ್ಷಿ ಸಾಲಿನ ನಡುವೆ ನಿಂತು ಒಂದು ತಾಸು ಮಾತಾಡಿದಳು. ನಾನು ಫೋನ್ ಆಫ್ ಮಾಡಿದ್ದೆ.

ಈಗ ಆ ತಮ್ಮನಿಗೆ ಉತ್ತರ. ಹಳೇ ಗಾಡಿ ರೆಡಿ ಮಾಡೋದು ಪಾಪ ಅಲ್ಲ ತಮ್ಮಾ. ಹಾಳಾದದ್ದನ್ನು ತಾಳ್ಮೆಯಿಂದ ಸರಿ ಮಾಡೋ ಕೈಯನ್ನು ದೇವರೇ ಕೊಟ್ಟಿದ್ದು. ಶ್ರೀರಂಗಪಟ್ಟಣದ ಹತ್ತಿರ ಪಯಣ ಅಂತ ಹಳೇ ಕಾರುಗಳ ಮ್ಯೂಸಿಯಂ ಇದೆ, ಮೈಸೂರಿಗೆ ಹೋದಾಗ ನೋಡು, ಖುಷಿ ಪಡು. ಆದರೆ ಒಂದನೇ ಕೊರಿಂಥ 6:12ರಲ್ಲಿ ಪೌಲನು ಹೇಳುವ ಹಾಗೆ, ಮಾಡಲು ಅನುಮತಿ ಇದ್ದ ವಿಷಯವೂ ನಮ್ಮನ್ನು ಆಳಬಾರದು. ಅದಕ್ಕೆ ಮೊದಲು ಒಂದು ಹಾಳೆ ತಗೊಂಡು ಕೂತ್ಕೋ. ದುಡ್ಡು ನಿನ್ನದಾ, ಸಾಲದ್ದಾ? ಆ ಸಮಯ ಯಾರ ಪಾಲಿನಿಂದ ಬರ್ತದೆ? ಅರ್ಧಕ್ಕೆ ನಿಂತರೆ ಏನು ಮಾಡ್ತೀ? ಕೊನೆಗೆ, ಇದರಿಂದ ನೀನು ಏನನ್ನು ಮುಚ್ಚಲಿಕ್ಕೆ ನೋಡ್ತಿದ್ದೀ? ಬರೆದದ್ದನ್ನು ಮನೆಯವರಿಗೆ ತೋರಿಸು. ಅವರ ಮುಂದೆ ಆ ಹಾಳೆ ನಿಂತರೆ, ಖುಷಿಯಿಂದ ಮಾಡು. ನಾನೇ ಬಂದು ಪಾನಾ ಹಿಡೀತೀನಿ.

ನಮ್ಮ ಪದ್ಮಿನಿಗೂ ಒಂದು ಡಬ್ಬಿ ಇಟ್ಟಿದ್ದೀನಿ. ದಶಮಾಂಶ, ಮನೆ ಖರ್ಚು, ಅವ್ವನ ಔಷಧಿ ಎಲ್ಲಾ ಆದ ಮೇಲೆ ಉಳಿದದ್ದು ಅದಕ್ಕೆ. ಸದ್ಯ ಅದರಲ್ಲಿ 3,400 ರೂಪಾಯಿ ಇದೆ. ನಗಬೇಡಿ. ಸಾಲ ಇಲ್ಲದ 3,400 ಅದು.

ಎಲ್ಲರೂ ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಯಾರಿಗಾದರೂ "ಮುಂದಿನ ವಾರ" ಅಂತ ಹೇಳಿಬಿಟ್ಟಿದ್ದೀರಾ? ಅವರು ಇನ್ನೂ ಬದುಕಿದ್ದರೆ, ಇವತ್ತು ಊಟಕ್ಕೆ ಮೊದಲು ಫೋನ್ ಮಾಡಿ. ಬದುಕಿಲ್ಲದಿದ್ದರೆ, ಆ ಭಾರವನ್ನು ಈಗಲೇ ಶಿಲುಬೆಯ ಹತ್ತಿರ ಇಡಿ.

ಕರ್ತನೇ, ನಮ್ಮ ಹೃದಯದ ಪುಟ್ಟಿಯನ್ನು ನೀನು ಬಲ್ಲೆ. ಬಣ್ಣ ಬೇಡ ನಮಗೆ, ಹೊಸ ಹೃದಯ ಕೊಡು. ನಮ್ಮ ಸಮಯವನ್ನೂ ದುಡ್ಡನ್ನೂ ಆಸೆಗಳನ್ನೂ ನಿನ್ನ ಕೈಗೆ ಒಪ್ಪಿಸುತ್ತೇವೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.